ನಾಯಿಗೂ ಒಂದು ಸದಸ್ಯತ್ವ

ಸಿಡ್ನಿಯ ರಗ್ಬಿ ಲೀಗ್ ಅಭಿಮಾನಿಯ ಮನೆದೇವರು ಯಾರೆಂದು ಕೇಳಬೇಕಿಲ್ಲ, ಗೋಡೆಗೆ ನೇತುಹಾಕಿದ ಸ್ಕಾರ್ಫೇ ಹೇಳುತ್ತದೆ. ಮೊದಲೆಲ್ಲ ಅಭಿಮಾನ ಬಾಯಲ್ಲಿದ್ದರೆ ಸಾಕಿತ್ತು. ಈಗ ವರ್ಷ ವರ್ಷ ದುಡ್ಡು ಕಟ್ಟಿ ಸದಸ್ಯರಾಗಬೇಕು. ಕಟ್ಟಿದವರಿಗೆ ಕ್ಲಬ್ಬಿನವರು ಟೋಪಿ ಕಳಿಸುತ್ತಾರೆ. (ನಮ್ಮ ಕಡೆ ದುಡ್ಡು ಇಸಿದುಕೊಂಡು ಟೋಪಿ ಹಾಕುವುದಕ್ಕೆ ಬೇರೆ ಅರ್ಥ, ಬಿಡಿ.) ಗಂಡ, ಹೆಂಡತಿ, ತೊಟ್ಟಿಲ ಕೂಸು ಎಲ್ಲ ಮುಗಿದ ಮೇಲೆ ಇನ್ನಾರು ಉಳಿದರು? ಹಲವು ಕ್ಲಬ್ಬುಗಳು ನಾಯಿ, ಬೆಕ್ಕಿಗೂ ಸದಸ್ಯತ್ವ ಕೊಟ್ಟವು. ಲೆಕ್ಕ ಬೆಳೆಯದೆ ಏನು ಮಾಡೀತು!

ಹಾಗಂತ ಬರೀ ನಗುವಂತಿಲ್ಲ. 1908ರಲ್ಲಿ ಹುಟ್ಟಿದ ಸೌತ್ ಸಿಡ್ನಿ ತಂಡವನ್ನು 1999ರ ಕೊನೆಗೆ ಲೀಗಿನಿಂದ ಆಚೆ ಹಾಕಿದಾಗ ಕೆಂಪು-ಹಸಿರು ಅಂಗಿಯವರು ಬೀದಿಗಿಳಿದರು, ಕ್ಲಬ್ಬು ಕೋರ್ಟು ಹತ್ತಿತು. 2002ರಲ್ಲಿ ತಂಡ ಮರಳಿತು. 2006ರಲ್ಲಿ ಸದಸ್ಯರೇ ಮತ ಹಾಕಿ ಮುಕ್ಕಾಲು ಪಾಲನ್ನು ನಟ ರಸೆಲ್ ಕ್ರೋ ಮತ್ತವರ ಜೊತೆಗಾರರಿಗೆ ಒಪ್ಪಿಸಿದರು. 43 ವರ್ಷ ಕಾಯಿಸಿದ ಲೀಗ್ ಕಪ್ಪು 2014ರಲ್ಲಿ ಬಂತು.

ಸಿಡ್ನಿಯದೇ ಇನ್ನೊಂದು ತಂಡವಾದ ಪರಮಟ್ಟಾದವರ ತಾಳ್ಮೆ ಬೇರೆಯೇ ತೂಕದ್ದು. 1986ರ ಮೇಲೆ ಕಪ್ಪು ಅತ್ತ ಸುಳಿದಿಲ್ಲ. ದುಡ್ಡು ಕಟ್ಟುವವರು ಮಾತ್ರ ಕಟ್ಟುತ್ತಲೇ ಇದ್ದಾರೆ.