ಬಿ.ಪ್ಲಾನ್ ಮೀಮಾಂಸೆ

ವಿಷಯ: ಪಿಯುಸಿ ಮುಗಿಸಿ, ಜೆಇಇ ಮೇನ್‌ನ 2-ಬಿ ಪತ್ರಿಕೆಯನ್ನೋ ಮತ್ತೊಂದನ್ನೋ ದಾಟಿ, ನಾಲ್ಕು ವರ್ಷ ಎಂಟು ಸೆಮಿಸ್ಟರ್ ತಪಸ್ಸು ಮಾಡಿದವರಿಗೆ ಲಭಿಸುವ ಬಿ.ಪ್ಲಾನ್, ಅಂದರೆ ನಗರ-ಪ್ರದೇಶ ಯೋಜನೆಯ ಪದವಿಯೇ ಇಲ್ಲಿ ವಿಚಾರ್ಯ ವಸ್ತು. ಇದರ ಲಕ್ಷಣವನ್ನು ಹಿರಿಯರು ‘ನೇತಿ ನೇತಿ’ ಮಾರ್ಗದಿಂದ ನಿರೂಪಿಸುತ್ತಾರೆ. ಹಿರಿಯರೆಂದರೆ ವಿದ್ಯಾರ್ಥಿಯ ಸೋದರಮಾವಂದಿರು. ‘ಇಂಜಿನಿಯರಿಂಗಾ?’ ಅಲ್ಲ ಮಾವ. ‘ಆರ್ಕಿಟೆಕ್ಚರಾ?’ ಅದೂ ಅಲ್ಲ. ‘ಹೋಗ್ಲಿ, ನಮ್ಮ ರೆವಿನ್ಯೂ ಸೈಟಿಗೆ ಖಾತೆ ಮಾಡಿಸಿಕೊಡ್ತೀಯೇನೋ?’ ವಿಚಾರ ಇಲ್ಲಿಗೆ ಮುಗಿಯುತ್ತದೆ. ಮಾವನಿಗೆ ಬೇಕಾದದ್ದು ಲಕ್ಷಣವಲ್ಲ, ಖಾತೆ.

ಸಂಶಯ: ಈ ಪದವಿಯಿಂದ ಪ್ರದೇಶ ಉದ್ಧಾರವಾಗುತ್ತದೆಯೋ, ಇಲ್ಲವೋ?

ಪೂರ್ವಪಕ್ಷ: ಆಗುತ್ತದೆ ಎಂಬುದು ಜರ್ಮನ್ ಆಚಾರ್ಯರ ಮತ. 1826ರಲ್ಲಿ ಫಾನ್ ಥ್ಯೂನೆನ್ ಪಟ್ಟಣದ ಸುತ್ತ ಉಂಗುರಗಳನ್ನೆಳೆದ. ಮೊದಲನೆಯದರಲ್ಲಿ ಹಾಲು-ತರಕಾರಿ, ಎರಡನೆಯದರಲ್ಲಿ ಸೌದೆ, ಆಮೇಲೆ ದವಸ, ಕಡೆಗೆ ದನ. ಬೆಂಗಳೂರಿನ ಸುತ್ತ ಪರೀಕ್ಷಿಸಲಾಗಿ ನಾಲ್ಕೂ ಉಂಗುರಗಳಲ್ಲಿ ಒಂದೇ ಬೆಳೆ ಕಂಡುಬಂತು: ಮೂವತ್ತು-ನಲವತ್ತರ ಸೈಟು. ಇದು ಮಳೆಯಾಶ್ರಿತವಲ್ಲ, ವದಂತಿಯಾಶ್ರಿತ. ರಿಂಗ್ ರೋಡ್ ಬರುತ್ತದಂತೆ ಎಂಬ ಒಂದು ಹದ ಸಾಕು.

1933ರಲ್ಲಿ ಕ್ರಿಸ್ಟಾಲರ್ ದಕ್ಷಿಣ ಜರ್ಮನಿಯನ್ನು ನೋಡಿ, ಊರುಗಳು ಷಟ್ಕೋನಗಳಲ್ಲಿ ಕೂರುತ್ತವೆ ಎಂದ. ಷರತ್ತುಗಳು ಕೆಲವೇ: ನೆಲ ಸಪಾಟಾಗಿರಬೇಕು, ಜನ ಸಮನಾಗಿ ಹರಡಿರಬೇಕು, ಎಲ್ಲರ ಜೇಬೂ ಒಂದೇ ತೂಕವಿರಬೇಕು. ಈ ಷಟ್ಕೋನ ಹಿಡಿದು ದೇವದುರ್ಗದ ಕಡೆ ಸರ್ವೆಗೆ ಹೋದ ವಿದ್ಯಾರ್ಥಿ, ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಜ್ಜಿಯನ್ನು ‘ನಿಮಗೆ ಸಮೀಪದ ಸೇವಾಕೇಂದ್ರ ಯಾವುದು?’ ಎಂದು ಕೇಳುತ್ತಾನೆ. ‘ಬಸ್ ಎಲ್ಲಿ ನಿಂದರ್ತದ, ಅದ ನೋಡಪಾ’ ಎಂದು ಅಜ್ಜಿ ತಲೆಯೆತ್ತದೆ ಖಂಡಿಸುತ್ತಾಳೆ. ಪ್ರಶ್ನಾವಳಿಯಲ್ಲಿ ಖಂಡನೆಗೆ ಕಾಲಂ ಇಲ್ಲ. ‘ಇತರೆ’ ಎಂಬಲ್ಲಿ ಟಿಕ್ ಬೀಳುತ್ತದೆ.

ಸಿದ್ಧಾಂತ: ಎರಡನೇ ನಗರ ಮೊದಲನೆಯದರ ಅರ್ಧದಷ್ಟಿರಬೇಕು ಎಂಬುದು ಜಿಫ್ ಸೂತ್ರ. 2011ರ ಜನಗಣತಿಯಲ್ಲಿ ಬೆಂಗಳೂರು ಸುಮಾರು 84 ಲಕ್ಷ. ಹುಬ್ಬಳ್ಳಿ-ಧಾರವಾಡ 42 ಲಕ್ಷವಿರಬೇಕಿತ್ತು. ಇದ್ದದ್ದು ಸುಮಾರು 9.4 ಲಕ್ಷ. ಉಳಿದ 32 ಲಕ್ಷ ಚಿಲ್ಲರೆ ಜನ ಎಲ್ಲಿ ಹೋದರೆಂದು ಶಾಸ್ತ್ರಜ್ಞರು ತಲೆ ಕೆಡಿಸಿಕೊಂಡಿದ್ದಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಈ ಸಂಶಯವಿಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ವಿದ್ಯಾರ್ಥಿ ಇದನ್ನು ಬಾಯಿಪಾಠ ಮಾಡಿ, ಆ 39ರಲ್ಲೊಂದಾದ ದೇವದುರ್ಗಕ್ಕೆ ಇಪ್ಪತ್ತು ವರ್ಷದ ಮುನ್ನೋಟ ಬರೆದು, ಶೀಟಿನ ತುಂಬ ಹಸಿರು ಬಳಿದು, ಜ್ಯೂರಿಯಲ್ಲಿ ಬೈಸಿಕೊಂಡು ಪಾಸಾಗುತ್ತಾನೆ. ಪಾಸಾದ ವಾರವೇ ರಾತ್ರಿ ಬಸ್ಸು ಹತ್ತುತ್ತಾನೆ. ಕೆಲಸ ಕೊಡುವ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿವೆ. ಆದ್ದರಿಂದ ಸಿದ್ಧವಾದದ್ದೇನೆಂದರೆ, ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಕಲಿತವನು ಮೊದಲ ಸಂಬಳದ ದಿನವೇ ಅದಕ್ಕೆ ತನ್ನನ್ನೂ ಕೂಡಿಸಿರುತ್ತಾನೆ.

ಫಲಶ್ರುತಿ: ಇದನ್ನು ನಿತ್ಯ ಪಠಿಸುವವರಿಗೆ ಅಟೆಂಡೆನ್ಸ್ ಶಾರ್ಟೇಜ್ ಬಾರದು, ಸಬ್‌ಮಿಷನ್ನಿನ ಹಿಂದಿನ ರಾತ್ರಿ ಜಿಐಎಸ್ ಹ್ಯಾಂಗ್ ಆಗದು, ಪ್ಲಾಟರಿನ ಇಂಕು ಮುಗಿಯದು. ಹುಟ್ಟೂರಿನಲ್ಲೇ ಪ್ಲಾನರ್ ಕೆಲಸ ಸಿಗಲಿ ಎಂಬ ಕಾಮನೆಗೆ ಮಾತ್ರ ಯಾವ ಫಲವನ್ನೂ ಸದ್ಯ ಮಂಜೂರು ಮಾಡಿಲ್ಲ. ಕಡತ ಆರ್ಥಿಕ ಇಲಾಖೆಯ ಸಹಮತಿಗೆ ಹೋಗಿದೆ.