ಭಾವನ ಮೂಲವ್ಯಾಧಿ

ನಮ್ಮ ಭಾವನಿಗೆ ಯಾವ ವಸ್ತುವೂ ಸಿದ್ಧವಾಗಿ ಸಿಕ್ಕಬಾರದು. ಸಿಕ್ಕರೆ ಅದರಲ್ಲೇನೋ ಮೋಸವಿದೆ ಎಂದು ಅವರ ಗುಮಾನಿ. ಕಾಫಿಪುಡಿಯನ್ನು ಅಂಗಡಿಯಿಂದ ತರುವವರಲ್ಲ. ಬೀಜ ತಂದು, ಬಾಣಲೆಗೆ ಸುರಿದು, ಮನೆ ತುಂಬ ಹೊಗೆ ಎಬ್ಬಿಸಿ, ಕೈಯಲ್ಲಿ ತಿರುಗಿಸುವ ಮಿಷಿನ್ನಿನಲ್ಲಿ ಬೀಸಿಕೊಂಡು ಕುಡಿಯುತ್ತಾರೆ. ಸುಟ್ಟ ವಾಸನೆ ಹೊಡೆಯುತ್ತದೆ ಎಂದರೆ, "ನಿನಗೆ ಅಸಲಿ ರುಚಿ ಗೊತ್ತಿಲ್ಲ ಕಣಯ್ಯ" ಎನ್ನುತ್ತಾರೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿದ್ದು, ಅದರಲ್ಲಿ ಅರ್ಧ ಆಡಿಟ್ ವಿಭಾಗದಲ್ಲೇ ಕಳೆದು, ಮೈಸೂರಿನಲ್ಲಿ ಮನೆ ಕಟ್ಟಿಕೊಂಡು ನಿವೃತ್ತರಾದವರು. ಬೇರೆಯವರು ಹಾಕಿದ ಕೂಡುವ ಲೆಕ್ಕವನ್ನು ಇನ್ನೊಮ್ಮೆ ಕೂಡದೆ ನಂಬಿದ್ದು ಅವರ ಸರ್ವೀಸಿನಲ್ಲೇ ಇಲ್ಲ.

ಇಂಥವರ ಕೈಗೆ ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಹೋದಳು. ನಾಲ್ಕು ಜಿಬಿ ರ್‍ಯಾಮಿನ ಮುದುಕ ಯಂತ್ರ. ವಿಂಡೋಸ್ ಹೊರಲಾರದು ಎಂದು ಉಬುಂಟು 22.04 ಹಾಕಿದ್ದಳು. ಅದೂ ಪರವಾಗಿರಲಿಲ್ಲ. ಆದರೆ ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅಪ್ಪಾ, ಇದರಲ್ಲಿರೋ ಸಾಫ್ಟ್‌ವೇರ್ ಹೆಚ್ಚುಕಮ್ಮಿ ಎಲ್ಲದರ ಮೂಲ ಕೋಡೂ ಬಹಿರಂಗವಾಗೇ ಇರುತ್ತೆ, ಯಾರು ಬೇಕಾದ್ರೂ ತೆಗೆದು ತಾವೇ ಕಟ್ಟಿಕೋಬಹುದು" ಎಂದುಬಿಟ್ಟಳು. ಆಡಿಟರಿಗೆ ಬೀರುವಿನ ಬೀಗದ ಕೈ ಕೊಟ್ಟಂತಾಯಿತು.

ಕಾರಣವೂ ಒದಗಿತು. ಭಾವನ ತಂದೆ 1961ರಲ್ಲಿ ವಂಶಾವಳಿಯ ಪುಸ್ತಕವೊಂದನ್ನು ಅಚ್ಚು ಹಾಕಿಸಿದ್ದರು, 32 ಪುಟ. ಅದನ್ನು ಕಂಪ್ಯೂಟರಿನಿಂದಲೇ ಓದಿಸಿ ಅಕ್ಷರವಾಗಿಸಬೇಕೆಂದು ಅವರಿಗೆ ಹುಕಿ. ಚಿತ್ರದಲ್ಲಿರುವ ಅಕ್ಷರ ಓದುವುದಕ್ಕೆ ಟೆಸೆರಾಕ್ಟ್ ಎಂಬ ತಂತ್ರಾಂಶವಿದೆ, ಕನ್ನಡವನ್ನೂ ಓದುತ್ತದೆ. ಎಚ್‌ಪಿ ಕಂಪನಿ ಅದನ್ನು 1985ರಲ್ಲಿ ಶುರು ಮಾಡಿ, ಹತ್ತು ವರ್ಷ ತಿದ್ದಿ, ಆಮೇಲೆ ಮೂಲೆಗೆ ಹಾಕಿ, 2005ರಲ್ಲಿ ಮೂಲ ಕೋಡನ್ನು ಬಹಿರಂಗ ಮಾಡಿತು. ಭಾವ ಬ್ಯಾಂಕಿಗೆ ಸೇರಿದ್ದೂ 1985ರಲ್ಲೇ. "ನಮ್ಮ ಬ್ಯಾಚು" ಎಂದು ಅಭಿಮಾನದಿಂದ ಹೇಳಿಕೊಂಡರು.

"ಭಾವ, ಒಂದು ಸಾಲು ಟೈಪ್ ಮಾಡಿದ್ರೆ ತಾನಾಗೇ ಬಂದು ಕೂತ್ಕೊಳ್ಳತ್ತೆ. ಎರಡು ನಿಮಿಷದ ಕೆಲಸ" ಎಂದೆ.

"ಯಾವ ವರ್ಶನ್ನು?"

"4.1."

"ಮೂಲದೋರ ಹತ್ರ 5 ಬಂದಾಗಿದೆ, 2021ರ ನವೆಂಬರಿನಲ್ಲೇ. ನಿನ್ನೆ ಸಾರು ಬಿಸಿಮಾಡಿ ಬಡಿಸ್ತೀಯೇನಯ್ಯ ನನಗೆ?"

"ನಲ್ಲಿ ಬಿಟ್ಟು ತಲಕಾವೇರಿಗೆ ಕೊಡ ಹೊತ್ಕೊಂಡು ಹೋದ ಹಾಗಾಯ್ತು. ಮೈಸೂರಿನ ನಲ್ಲೀಲಿ ಬರೋದೂ ಕಾವೇರಿನೇ ಅಲ್ವಾ?"

"ದಾರೀಲಿ ಯಾರ್‍ಯಾರು ಕೈಹಾಕಿದಾರೋ ನಿನಗೆ ಗೊತ್ತಾ?"

ಅಡುಗೆಮನೆಯಿಂದ ಅಕ್ಕ, "ಋಷಿಮೂಲ ನದಿಮೂಲ ಕೆದಕಬಾರದು ಅಂತಾರೆ ರೀ" ಎಂದಳು.

"ಋಷಿ ಅಂದಿದಾರೆ, ನದಿ ಅಂದಿದಾರೆ. ಸಾಫ್ಟ್‌ವೇರ್ ಅಂದಿಲ್ಲ" ಎಂದು ಭಾವ ಪಂಚೆ ಎತ್ತಿಕಟ್ಟಿ ಕುರ್ಚಿಗೆ ಕೂತರು.

ಮೂಲದ ಗಂಟು ಇಳಿಸಿಕೊಂಡು ಬಿಚ್ಚಿದ್ದಾಯಿತು. ಒಳಗೆ ‘ಕಾನ್ಫಿಗರ್’ ಎಂಬ ಫೈಲು. ಅದನ್ನು ಮೊದಲು ಓಡಿಸಬೇಕೆಂದು ಬರೆದಿತ್ತು. ಭಾವ ‘ಕಾನ್ಫಿಗರ್’ ಎಂದು ಟೈಪಿಸಿದರು. ಅಂಥ ಆಜ್ಞೆಯೇ ಇಲ್ಲವೆಂದು ಉತ್ತರ ಬಂತು. ಫೈಲು ಎದುರಿಗೇ ಕೂತಿದೆ! ಮತ್ತೆ ಕರೆದರು, ಇಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ. ಇಲ್ಲ. ಈ ಲೋಕದ ಗುಮಾಸ್ತ ತನ್ನ ಪಟ್ಟಿಯಲ್ಲಿರುವ ವಿಳಾಸಗಳಲ್ಲಿ ಮಾತ್ರ ಹುಡುಕುತ್ತಾನೆ, ಮೇಜಿನ ಮುಂದೆ ನಿಂತವರನ್ನು ತಲೆಯೆತ್ತಿ ನೋಡುವುದಿಲ್ಲ. ಒಂದು ಚುಕ್ಕಿ, ಒಂದು ಓರೆಗೆರೆ ಹಾಕಿ "ಇಲ್ಲೇ ಇರೋದು ಕಣಪ್ಪ" ಎಂದು ತೋರಿಸಿಕೊಡಬೇಕು. ಸರ್ಕಾರಿ ಕಚೇರಿಗಳ ಅನುಭವವಿದ್ದ ಭಾವನಿಗೆ ಇದು ತಕ್ಷಣ ಅರ್ಥವಾಯಿತು.

ಈ ಕಾನ್ಫಿಗರ್ ಎನ್ನುವವನು ಮದುವೆ ಮನೆಯ ಅಡುಗೆ ಭಟ್ಟರಂತೆ. ಒಲೆ ಹಚ್ಚುವ ಮೊದಲು ಉಗ್ರಾಣಕ್ಕೆ ನುಗ್ಗಿ ಒಂದೊಂದೇ ಡಬ್ಬಿ ತೆಗೆದು ನೋಡುತ್ತಾನೆ. ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ನಡುವೆ ಒಂದು ಸಾಲು ಬಂತು: ಕಟ್ಟುವ ಪರಿಸರದ ಬುದ್ಧಿ ಸ್ವಾಧೀನದಲ್ಲಿದೆಯೇ ಎಂದು ಪರೀಕ್ಷಿಸುತ್ತಿದ್ದೇನೆ... ಹೌದು. (ಅದು ಮುಖ್ಯವಾಗಿ ನೋಡುವುದು ಫೈಲುಗಳ ಹೊತ್ತು-ಗಳಿಗೆಯನ್ನಷ್ಟೇ, ಆದರೆ ಹೆಸರು ದೊಡ್ಡದು.) ಭಾವ ಆ ಸಾಲನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದರು. ಅಕ್ಕ, "ಇನ್ನೊಂದ್ಸಲ ಕೇಳಿ ನೋಡಿ" ಎಂದಳು.

ಭಟ್ಟರು ಕೊನೆಗೆ ಸೌಟು ಎಸೆದರು. ಲೆಪ್ಟೋನಿಕಾ ಎಂಬ ಸಾಮಗ್ರಿ ಇಲ್ಲ, 1.74 ಅಥವಾ ಅದಕ್ಕಿಂತ ಹೊಸದು ಬೇಕು. ಭಾವ ಬ್ಯಾಂಕಿನ ಹಳೆಯ ಡೈರಿ ತೆರೆದು, ಕೆಂಪು ಶಾಯಿಯಲ್ಲಿ ‘ಆಕ್ಷೇಪಣೆ 1’ ಎಂದು ಬರೆದು, ತಾರೀಖು ಹಾಕಿ, ಎದುರಿಗೆ ‘ಪರಿಹಾರ’ ಎಂಬ ಕಾಲಂ ಖಾಲಿ ಬಿಟ್ಟರು. ಲೆಪ್ಟೋನಿಕಾ ತರಿಸಿದರು. ಮತ್ತೆ ಅದೇ ಆಕ್ಷೇಪಣೆ. ಇದೆಯಲ್ಲ! ಇದೆ, ಆದರೆ ಬಳಸುವವರಿಗೆ ಇರುವುದು ಬೇರೆ, ಕಟ್ಟುವವರಿಗೆ ಇರುವುದು ಬೇರೆ. ಕಟ್ಟುವವರದ್ದರ ಹೆಸರಿನ ಬಾಲಕ್ಕೆ ‘-ಡೆವ್’ ಎಂದಿರುತ್ತದೆ. ಭಾವ ಇಂಗ್ಲಿಷಿನ ಆ ಮೂರಕ್ಷರವನ್ನು ತಮ್ಮ ಸಂಸ್ಕಾರಕ್ಕೆ ತಕ್ಕಂತೆ ‘ದೇವ್’ ಎಂದು ಓದಿಕೊಂಡರು. ಲಿಬ್‌ಲೆಪ್ಟೋನಿಕಾ-ದೇವ್. ಲಿಬ್‌ಟಿಫ್-ದೇವ್. ಲಿಬ್‌ಪಿಎನ್‌ಜಿ-ದೇವ್. ಒಂದೊಂದು ಲೈಬ್ರರಿಗೂ ಒಬ್ಬೊಬ್ಬ ದೇವರು, ಒಬ್ಬರನ್ನು ಆವಾಹನೆ ಮಾಡಿದರೆ ಹಿಂದೆಯೇ ಪರಿವಾರ. ಸಂಜೆಯ ಹೊತ್ತಿಗೆ ಡೈರಿಯಲ್ಲಿ ಒಂಬತ್ತು ದೇವರಾಗಿದ್ದರು. "ನವಗ್ರಹಾನೇ ಆಯ್ತಲ್ಲೋ" ಎಂದರು. ಮುಖದಲ್ಲಿ ಬೇಸರವಿರಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮುಂದಿನ ಹೆಜ್ಜೆ ‘ಮೇಕ್’. ಇದು 1976ರಲ್ಲಿ ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಯಾವುದನ್ನು ಮಾಡಲು ಯಾವುದೆಲ್ಲ ಬೇಕು, ಹೇಗೆ ಮಾಡಬೇಕು ಎಂದು ಬರೆದಿಟ್ಟರೆ, ಅದನ್ನು ಓದಿ ಅಡುಗೆ ಮಾಡಿಡುತ್ತದೆ. ಮೊದಲು ಅರ್ಥವಾಗಬೇಕು, ಆಮೇಲೆ ಬಳಸಬೇಕು ಎಂದು ಭಾವನ ಹಟ. ಅಭ್ಯಾಸಕ್ಕಾಗಿ ತಾವೇ ಒಂದು ಮೇಕ್‌ಫೈಲ್ ಬರೆದರು. ‘ಕಾಫಿ: ಹಾಲು ಡಿಕಾಕ್ಷನ್’ ಎಂದು ಮೇಲಿನ ಸಾಲು; ಕೆಳಗೆ, ಒಂದಿಷ್ಟು ಖಾಲಿ ಜಾಗ ಬಿಟ್ಟು, ಬೆರೆಸುವ ಆಜ್ಞೆ. ‘ಮೇಕ್ ಕಾಫಿ’ ಎಂದರು. ಬೇರ್ಪಡಿಸುವ ಗುರುತು ಇಲ್ಲ, ನಿಲ್ಲಿಸಿದ್ದೇನೆ ಎಂದಿತು. ಸಾಲನ್ನು ನೋಡಿದರು, ಅಳೆದರು, ಪರದೆಯ ಮೇಲೆ ಸ್ಕೇಲ್ ಇಟ್ಟೇ ಅಳೆದರು. ಎಲ್ಲ ಸರಿಯಾಗಿದೆ. ನಾನು ಬಂದು ಹೇಳುವವರೆಗೆ ಒಂದೂವರೆ ಗಂಟೆ ಹೋಗಿತ್ತು: ಅಲ್ಲಿ ಸ್ಪೇಸ್ ಇರಕೂಡದು, ಒಂದು ಟ್ಯಾಬ್ ಇರಬೇಕು. ಎರಡೂ ಕಣ್ಣಿಗೆ ಕಾಣುವುದಿಲ್ಲ.

"ಕಾಣದೇ ಇರೋದಕ್ಕೆ ಆಕ್ಷೇಪಣೆ ಹಾಕೋ ಆಡಿಟರನ್ನ ನಾನೂ ನೋಡಿರಲಿಲ್ಲ" ಎಂದು ಭಾವ ಮೊದಲ ಬಾರಿಗೆ ಸೋತ ದನಿಯಲ್ಲಿ ಹೇಳಿದರು.

ಅದರ ಹಿಂದಿನ ಕತೆ ಹೇಳಿದೆ. ಈ ಟ್ಯಾಬಿನ ನಿಯಮ ಒಳ್ಳೆಯದಲ್ಲವೆಂದು ಫೆಲ್ಡ್‌ಮನ್ನರಿಗೆ ಕೆಲವೇ ವಾರಗಳಲ್ಲಿ ತಿಳಿದಿತ್ತು. ಆದರೆ ಅಷ್ಟರಲ್ಲಿ ಹತ್ತು-ಹನ್ನೆರಡು ಗೆಳೆಯರು ಬಳಸಲು ಶುರು ಮಾಡಿದ್ದರು. ಅವರಿಗೆ ತೊಂದರೆ ಕೊಡುವುದೇಕೆ ಎಂದು ಬಿಟ್ಟುಬಿಟ್ಟರು. ಆ ಹನ್ನೆರಡು ಮಂದಿಯ ಅನುಕೂಲಕ್ಕಾಗಿ ಅಂದಿನಿಂದ ಇಂದಿನವರೆಗೆ ಪ್ರಪಂಚವೆಲ್ಲ ಟ್ಯಾಬ್ ಒತ್ತುತ್ತಿದೆ. 2003ರಲ್ಲಿ ಅವರಿಗೆ ಮೇಕ್‌ಗಾಗಿ ಎಸಿಎಂ ಎಂಬ ಕಂಪ್ಯೂಟರ್ ಪರಿಣತರ ಸಂಘದ ಪ್ರಶಸ್ತಿಯೂ ಬಂತು. "ನಮ್ಮ ಹೆಡ್ ಆಫೀಸಿನ ಸರ್ಕ್ಯುಲರುಗಳೂ ಹೀಗೇ" ಎಂದು ಭಾವ ಸಮಾಧಾನಪಟ್ಟುಕೊಂಡು ಟ್ಯಾಬ್ ಒತ್ತಿದರು.

ಈ ಸಲ ಮೇಕ್ ಬೇರೆ ಮಾತಾಡಿತು. ಭಾವ ಗಟ್ಟಿಯಾಗಿ ಓದಿದರು: "‘ಕಾಫಿ’ಗೆ ಬೇಕಾದ ‘ಹಾಲು’ ಮಾಡುವ ನಿಯಮ ಇಲ್ಲ. ನಿಲ್ಲಿಸಿದ್ದೇನೆ."

"ನಿಜ ರೀ, ಹಾಲಿನವನು ಇನ್ನೂ ಬಂದಿಲ್ಲ" ಎಂದಳು ಅಕ್ಕ ಒಳಗಿನಿಂದ.

ಮಾರನೇ ದಿನ ಅಸಲಿ ಕಟ್ಟಡ. ‘ಮೇಕ್’ ಜೊತೆ ‘-ಜೆ’ ಎಂದು ಹಾಕಿದರೆ ಹಲವು ಕೆಲಸ ಒಟ್ಟಿಗೆ ನಡೆದು ಬೇಗ ಮುಗಿಯುತ್ತದೆ ಎಂದು ಎಲ್ಲೋ ಓದಿದ್ದರು. ಅದರ ಮುಂದೆ ಎರಡೋ ನಾಲ್ಕೋ ಎಂದು ಸಂಖ್ಯೆ ಹಾಕಬೇಕು ಎನ್ನುವಷ್ಟರಲ್ಲಿ ಫೋನು ಬಂದಿತ್ತೋ ಏನೋ, ಆ ಭಾಗ ಓದಿರಲಿಲ್ಲ. ಸಂಖ್ಯೆ ಹಾಕದಿದ್ದರೆ ಮೇಕ್ ಮಿತಿಯೇ ಇಟ್ಟುಕೊಳ್ಳುವುದಿಲ್ಲ. ಒಂದೇ ಒಲೆಯ ಅಡುಗೆಮನೆಗೆ ಊರಿನ ಭಟ್ಟರೆಲ್ಲ ಏಕಕಾಲಕ್ಕೆ ನುಗ್ಗಿದರು. ಲ್ಯಾಪ್‌ಟಾಪಿನ ಫ್ಯಾನು ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಸದ್ದು ಮಾಡತೊಡಗಿತು. ಮೌಸಿನ ಬಾಣ ನಿಂತಲ್ಲೇ ನಿಂತಿತು. ಮೂಲೆಯ ಗಡಿಯಾರ 11.42ಕ್ಕೆ ನಿಂತದ್ದು, ನಾನು ಊಟ ಮುಗಿಸಿ ಬಂದಾಗಲೂ 11.42. ಭಾವ ಮಾತ್ರ ಕದಲದೆ ಕೂತಿದ್ದರು. "ಒಳಗೆ ಏನೋ ನಡೀತಿದೆ, ಬಿಸಿ ನೋಡು" ಎಂದು ನನ್ನ ಕೈಯನ್ನು ಹಿಡಿದು ಕೀಬೋರ್ಡಿನ ಮೇಲಿಟ್ಟರು. ಮಗು ಒದೆಯುವುದನ್ನು ತೋರಿಸುವ ಹಾಗೆ.

ಕೊನೆಗೆ ಸ್ವಿಚ್ ಒತ್ತಿ ಹಿಡಿದು ಕೊಂದು, ಎರಡು ಎಂದು ಹಾಕಿ ಮತ್ತೆ ಶುರು. ಈಗ ಸಾಲುಗಳು ಸರಾಗವಾಗಿ ಹರಿದವು. ನಡುನಡುವೆ ನೇರಳೆ ಬಣ್ಣದ ವಾರ್ನಿಂಗ್‌ಗಳು. ಅವನ್ನೆಲ್ಲ ಯಾರೂ ಓದುವುದಿಲ್ಲ ಎಂದೆ. "ಯಾರೂ ಓದಲ್ಲ ಅಂತಲೇ ಬ್ಯಾಂಕುಗಳು ಮುಳುಗೋದು" ಎಂದು ಒಂದೊಂದನ್ನೂ ಡೈರಿಗೆ ಇಳಿಸಿಕೊಂಡರು.

ಮರದ ಕುರ್ಚಿಯಲ್ಲಿ ಮೂರು ದಿನ ಕೂತು ಭಾವನ ನಡಿಗೆಯೇ ಬದಲಾಗಿತ್ತು. ಗೇಟಿನ ಹತ್ತಿರ ಎದುರು ಮನೆಯಾಕೆ, "ಯಜಮಾನರಿಗೆ ಏನಾಯ್ತು?" ಎಂದು ಕೇಳಿದ್ದಾರೆ. ಅಕ್ಕ ನಿಟ್ಟುಸಿರು ಬಿಟ್ಟು, "ಏನು ಹೇಳ್ಲಿ, ಎಲ್ಲಾ ಮೂಲದ್ದೇ ತೊಂದರೆ" ಎಂದಿದ್ದಾಳೆ. ಸಂಜೆ ಆ ಮನೆಯಿಂದ ಎರಡು ಕೆಜಿ ಸುವರ್ಣಗಡ್ಡೆ ಬಂತು, ಮಜ್ಜಿಗೆಹುಳಿ ಮಾಡಿ ಕೊಡಿ, ಖಾರ ಹಾಕಬೇಡಿ ಎಂಬ ಸೂಚನೆಯೊಂದಿಗೆ.

ನಾಲ್ಕನೆಯ ದಿನ ಸ್ಥಾಪನೆಯೂ ಆಯಿತು. ಓಡಿಸಿದರೆ, ತನ್ನದೇ ಲೈಬ್ರರಿ ತನಗೆ ಸಿಗುತ್ತಿಲ್ಲ ಎಂದಿತು. ಹೊಸ ಸೊಸೆ ಮನೆಗೆ ಬಂದು ದೀಪ ಹಚ್ಚಿದ್ದಾಳೆ, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ. ‘ಎಲ್‌ಡಿಕಾನ್ಫಿಗ್’ ಎಂಬ ಆಜ್ಞೆ ಕೊಟ್ಟು ಹೆಸರು ಸೇರಿಸಿದ್ದಾಯಿತು. ಮತ್ತೆ ಓಡಿಸಿದರೆ, ನನಗೆ ಯಾವ ಭಾಷೆಯೂ ಬರುವುದಿಲ್ಲ ಎಂದಿತು. ಮೂಲದಿಂದ ಕಟ್ಟಿದವರು ಭಾಷೆಯ ಕಡತವನ್ನು ಬೇರೆಯಾಗಿ ತಂದುಕೊಡಬೇಕು. ಕನ್ನಡದ ಕಡತದ ಹೆಸರಿನ ಮೊದಲ ಮೂರಕ್ಷರ ಕೆ, ಎ, ಎನ್. ಭಾವ ಅದನ್ನು ‘ಕಣ್’ ಎಂದು ಓದಿ, "ಮೈ ಕಟ್ಟಿ ಮುಗಿಸಿದೆ, ಕಣ್ಣೇ ಇಟ್ಟಿರಲಿಲ್ಲ ನೋಡು" ಎಂದು ತಾವೇ ಶಿಲ್ಪಿಯಂತೆ ನಕ್ಕರು.

ಕಣ್ಣು ಬಂತು. ವಂಶಾವಳಿಯ ಮೊದಲ ಪುಟ ಓದಿತು. ಮನೆಮಂದಿಯೆಲ್ಲ ಸುತ್ತ ನಿಂತೆವು. ಸವೆದ ಅಚ್ಚುಮೊಳೆಗಳು, ಅರವತ್ತು ವರ್ಷದ ಕಾಗದ. ಆದರೂ ಮುಕ್ಕಾಲು ಪಾಲು ಸರಿಯಾಗಿಯೇ ಓದಿತ್ತು ಎನ್ನಬೇಕು. ‘ವಂಶ’ ಹೋಗಿ ‘ಪಂಶ’ ಆಗಿತ್ತು. ‘ಧರ್ಮಪತ್ನಿ’ ಎಂಬಲ್ಲೆಲ್ಲ ‘ಥರ್ಮವತ್ನಿ’.

"ಥರ್ಮ ಅಂದ್ರೆ ಜ್ವರ ನೋಡೋದಲ್ವಾ?" ಎಂದು ಅಕ್ಕ ಕೇಳಿದಳು. ಯಾರೂ ಉತ್ತರಿಸಲಿಲ್ಲ. ಅವಳು ಆ ಪುಸ್ತಕವನ್ನು ಎತ್ತಿಕೊಂಡು ಹೋಗಿ, ಮಧ್ಯಾಹ್ನ ಟಿವಿ ನೋಡುತ್ತಾ ಮೊಬೈಲಿನಲ್ಲಿ ಬಾಯಲ್ಲೇ ಹೇಳಿ ಹೇಳಿ ಮೂರು ಪುಟ ಬರೆಸಿದಳೆಂದು ಆಮೇಲೆ ತಿಳಿಯಿತು. ಭಾವ ಅದನ್ನು ಕೇಳಿಸಿಕೊಂಡರೂ ಕೇಳಿಸದವರ ಹಾಗಿದ್ದರು. ಉಳಿದ 31 ಪುಟಗಳನ್ನು ಅವರು ಇನ್ನೂ ಓದಿಸಿಲ್ಲ.

ಹೋದ ಭಾನುವಾರ ಹೋಗಿದ್ದೆ. ನಡುಮನೆಯಲ್ಲಿ ಫ್ಯಾನಿನ ಗ್ರೈಂಡರ್ ಸದ್ದು. ಭಾವ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಸುವರ್ಣಗಡ್ಡೆ ಹುಳಿಯಲ್ಲಿ ಅನ್ನ ಕಲಸುತ್ತಾ ಪರದೆ ನೋಡುತ್ತಿದ್ದರು. ಸಾಲುಗಳು ಹರಿಯುತ್ತಿದ್ದವು: ಈ ಡೈರೆಕ್ಟರಿ ಹೊಕ್ಕೆ, ಆ ಡೈರೆಕ್ಟರಿ ಬಿಟ್ಟೆ.

"ಇದೇನು ಭಾವ, ಮತ್ತೆ? ಹೊಸ ವರ್ಶನ್ ಬಂತಾ?"

"ಇಲ್ಲ, ಅದೇ. ‘ಮೇಕ್ ಕ್ಲೀನ್’ ಕೊಟ್ಟೆ, ಕಟ್ಟಿದ್ದೆಲ್ಲ ಒರೆಸಿಹೋಯ್ತು. ಮೊದಲಿಂದ ಕಟ್ತಿದೀನಿ."

"ಯಾಕೆ?"

ಭಾವ ಸ್ವಲ್ಪ ನಾಚಿದರು. ತುತ್ತು ನುಂಗಿ, ಎಡಗೈಯಲ್ಲಿ ಪಕ್ಕದ ಕುರ್ಚಿ ಎಳೆದು ನನಗೆ ಕೊಟ್ಟರು. "ಸುಮ್ನೆ ಕಣೋ. ಹರಿಯೋದು ನೋಡೋಕೆ ಚೆನ್ನಾಗಿರುತ್ತೆ. ಕೂತ್ಕೋ, ಇನ್ನೇನು ಲಿಂಕ್ ಮಾಡೋ ಜಾಗ ಬರತ್ತೆ."