ಕೋಟೆ-ತೋಟ ಮೀಮಾಂಸೆ: ಸಕುಟುಂಬ ಏಕದಿನ ಯಾನದ ಐದು ಅಧಿಕರಣಗಳು

ಪೀಠಿಕೆ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಅಧಿಕಾರಿ ಯಾರು, ಇವಕ್ಕೆಲ್ಲ ಪರಸ್ಪರ ಸಂಬಂಧವೇನು. ಪ್ರಸ್ತುತ ಗ್ರಂಥದ ವಿಷಯ, ಬೆಂಗಳೂರಿನ ಒಂದು ಕುಟುಂಬ ಒಂದು ಭಾನುವಾರ ಶ್ರೀರಂಗಪಟ್ಟಣದ ಕೋಟೆಯನ್ನೂ ದರಿಯಾ ದೌಲತ್ ತೋಟವನ್ನೂ ನೋಡಿಕೊಂಡು ಅದೇ ರಾತ್ರಿ ಮನೆ ಸೇರುವುದು. ಪ್ರಯೋಜನ, ಸೋಮವಾರ ಆಫೀಸಿನಲ್ಲಿ ಸೊಂಟ ಹಿಡಿದುಕೊಂಡು ಕೂರುವುದಕ್ಕೆ ಮರ್ಯಾದೆಯ ಕಾರಣವೊಂದು. ಅಧಿಕಾರಿ, ‘ಸುಮ್ನೆ ಒಂದು ರೌಂಡ್ ಹೋಗಿ ಬರೋಣ’ ಎಂದು ಬಾಯಿ ತಪ್ಪಿ ಅಂದವನು. ಅಂದ ಮೇಲೆ ಟಿ.ಟಿ. ಗಾಡಿ ಗೊತ್ತು ಮಾಡುವ ಹೊಣೆಯೂ ಅವನದೇ. ಇನ್ನು ಸಂಬಂಧ: ಗಾಡಿಯಲ್ಲಿ ಕೂತ ಹನ್ನೊಂದು ಜನರೂ ಪರಸ್ಪರ ಸಂಬಂಧಿಗಳೇ. ಕಷ್ಟವಿದ್ದದ್ದೂ ಅಲ್ಲೇ.

ಈ ಶಾಸ್ತ್ರದ ಪೂರ್ವಾಚಾರ್ಯರಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ಗೆ ಅಗ್ರಸ್ಥಾನ ಸಲ್ಲಬೇಕು. ಬೆಂಗಳೂರಿನಿಂದ ಭಾರೀ ಬಳಗ, ಭಾರೀ ಗಂಟುಮೂಟೆ ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟು, ಆ ಯೋಜನೆ ಎಷ್ಟು ಬಗೆಯಲ್ಲಿ ಕೆಡಬಹುದೆಂಬುದನ್ನು 1791ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದವನು ಆತ. ಆತ ಹೋದದ್ದು ಕೋಟೆ ಹಿಡಿಯಲಿಕ್ಕೆ, ನಾವು ಹೋದದ್ದು ನೋಡಲಿಕ್ಕೆ ಎಂಬ ಒಂದು ಭೇದವನ್ನು ಬಿಟ್ಟರೆ, ಮಿಕ್ಕ ಲಕ್ಷಣಗಳೆಲ್ಲ ಹೇಗೆ ಕೂಡಿಬರುತ್ತವೆಂಬುದನ್ನು ಮುಂದೆ ಕಾಣಬಹುದು.

ಮೊದಲನೆಯ ಅಧಿಕರಣ: ಮುಹೂರ್ತ

ಸೂತ್ರ: ಹೊರಡುವ ಹೊತ್ತು ಬೇರೆ, ಹೊರಟ ಹೊತ್ತು ಬೇರೆ.

ಭಾಷ್ಯ: ಶನಿವಾರ ರಾತ್ರಿ ಸರ್ವಸಮ್ಮತಿಯಿಂದ ತೀರ್ಮಾನವಾದ ಹೊತ್ತು ಬೆಳಗಿನ ಐದೂವರೆ. ಗಾಡಿಯ ಚಕ್ರ ಉರುಳಿದ್ದು ಎಂಟು ನಲವತ್ತಕ್ಕೆ. ಈ ಎರಡರ ನಡುವಿನ ಮೂರು ಗಂಟೆ ಹತ್ತು ನಿಮಿಷ ಎಲ್ಲಿ ಹೋಯಿತೆಂಬುದೇ ಇಲ್ಲಿಯ ಜಿಜ್ಞಾಸೆ.

ಬೇಗ ಹೊರಟರೆ ಬೇಗ ತಲುಪುತ್ತೇವೆ ಎಂಬುದು ಲೇಖಕನ ಪೂರ್ವಪಕ್ಷ. ಇದನ್ನು ಚಿಕ್ಕಪ್ಪ ಪೇಪರಿನ ಮರೆಯಿಂದಲೇ ಖಂಡಿಸಿದರು: “ಬೇಗ ಹೋಗಿ ಏನಪ್ಪಾ ಮಾಡ್ತೀಯ? ಕೋಟೆ ಏನು ಎದ್ದು ಓಡಿಹೋಗುತ್ತಾ?” ಮೇಲ್ನೋಟಕ್ಕೆ ಅಕಾಟ್ಯವಾಗಿ ತೋರುವ ಈ ವಾದದಲ್ಲಿ ಒಂದು ದೋಷವಿದೆ. ಶ್ರೀರಂಗಪಟ್ಟಣದಲ್ಲಿ ಕಟ್ಟಡಗಳು ಎದ್ದು ಹೋದದ್ದುಂಟು. ಬೆಂಗಳೂರು-ಮೈಸೂರು ರೈಲುದಾರಿಯನ್ನು ಜೋಡಿಹಳಿ ಮಾಡುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಒಡೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಕಡೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ಜ್ಯಾಕ್ ಕೊಟ್ಟು, ಇಂಚಿಂಚಾಗಿ ಜರುಗಿಸಿ ನೂರು ಮೀಟರಿಗೂ ಆಚೆ ಕೂರಿಸಿದರು. ಎರಡು ಶತಮಾನ ಕೂತಲ್ಲೇ ಕೂತಿದ್ದ ಮದ್ದಿನ ಮನೆಯನ್ನು ಕದಲಿಸುವ ವಿದ್ಯೆ ನಾಡಿಗೆ ಬಂದಿದೆ. ಭಾನುವಾರದ ಪುರವಣಿ ಹಿಡಿದು ಕೂತ ಚಿಕ್ಕಪ್ಪನನ್ನು ಕದಲಿಸುವ ವಿದ್ಯೆ ಇನ್ನೂ ಬರಬೇಕಾಗಿದೆ.

ಭಾವನವರದು ಇನ್ನೊಂದು ಪ್ರಕರಣ. ‘ಹತ್ತಿರ ಬಂದ್ಬಿಟ್ಟೆ’ ಎಂದು ಅವರು ಫೋನಿನಲ್ಲಿ ಮೂರು ಸಲ ಹೇಳಿದರು. ಮೂರನೆಯ ಸಲ ಹಿಂದಿನಿಂದ ಕುಕ್ಕರ್ ಸೀಟಿ ಕೇಳಿಸಿತು.

ಎರಡನೆಯ ಅಧಿಕರಣ: ಮಾರ್ಗ

ಸೂತ್ರ: ದಾರಿ ಎರಡಿದ್ದಲ್ಲಿ ಮತ ನಾಲ್ಕು.

ಭಾಷ್ಯ: ಮೊದಲನೆಯವರು ದಶಪಥಿಗಳು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ ಇರುವಾಗ ಬೇರೆ ದಾರಿಯ ಮಾತೇ ಅಪಶಬ್ದ ಎಂಬುದು ಇವರ ನಿಲುವು. ಇವರ ವಿರುದ್ಧ ನಿಂತವರು ಹಳೇರಸ್ತಾವಾದಿಗಳು. ದಶಪಥವು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬೈಪಾಸ್ ಮಾಡಿಬಿಟ್ಟಿರುವುದರಿಂದ ತಟ್ಟೆ ಇಡ್ಲಿ, ಮರದ ಬೊಂಬೆ ಮತ್ತು ಮದ್ದೂರು ವಡೆ ಎಂಬ ಮೂರು ಪುರುಷಾರ್ಥಗಳೂ ಯಾತ್ರಿಕನ ಕೈತಪ್ಪುತ್ತವೆ. ನಾಲ್ಕನೆಯದಾದ ಮೋಕ್ಷ ಮಾತ್ರ ಟೋಲ್‌ಗೇಟಿನಲ್ಲಿ ದುಡ್ಡು ತೆತ್ತವನಿಗೆ ಬೇಗ ಸಿಗುತ್ತದೆ. ಇದು ಅವರ ಆಕ್ಷೇಪ.

ಮೂರನೆಯದು ಕನಕಪುರ ಪಂಥ. ಇದರ ಏಕೈಕ ಅನುಯಾಯಿ ಚಿಕ್ಕಪ್ಪ. ಅವರ ಪ್ರಮಾಣ ಕೂಡ ಸಾಮಾನ್ಯದ್ದಲ್ಲ: 1791ರ ಮೇ ಆರಂಭದಲ್ಲಿ ಕಾರ್ನ್‌ವಾಲಿಸ್ ಹಿಡಿದದ್ದು ಕನಕಪುರದ ದಾರಿಯನ್ನೇ. ಚನ್ನಪಟ್ಟಣದ ಕಡೆಯ ನೇರ ದಾರಿಯುದ್ದಕ್ಕೂ ಹುಲ್ಲು, ಕಾಳು ಏನೂ ದಕ್ಕದಂತೆ ಟಿಪ್ಪು ಮಾಡಿಟ್ಟಿದ್ದ. ಹಾಗಾಗಿ ಇಂಗ್ಲಿಷ್ ದಂಡು ಸುತ್ತುಬಳಸಿ ಹೋಯಿತು. ಚಿಕ್ಕಪ್ಪನ ತರ್ಕ ಇಷ್ಟು: ಅಂದು ದಾರಿಯಲ್ಲಿ ಮೇವು ಸಿಗುತ್ತಿರಲಿಲ್ಲ, ಇಂದು ದಶಪಥದಲ್ಲಿ ಕಾಫಿ ಸಿಗುವುದಿಲ್ಲ, ಸ್ಥಿತಿ ಒಂದೇ ಆದ್ದರಿಂದ ದಾರಿಯೂ ಒಂದೇ ಆಗಬೇಕು.

ನಾಲ್ಕನೆಯ ಮತ ಹೆಂಗಸರದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. “ಆಧಾರ್ ಕಾರ್ಡ್ ಬ್ಯಾಗಲ್ಲೇ ಇದೆ. ನೀವು ಗಂಡಸರು ಯಾವ ದಾರಿ ಅಂತ ಜಗಳ ಆಡ್ತಾ ಬನ್ನಿ, ನಾವು ಬಸ್ಸಲ್ಲಿ ಹೋಗಿ ಕಾಯ್ತಿರ್ತೀವಿ” ಎಂದಳು ಲೇಖಕನ ಹೆಂಡತಿ. ಪ್ರತಿವಾದಿಗಳನ್ನು ಏಕಕಾಲಕ್ಕೆ ಮೂಕರಾಗಿಸಿದ ವಾದ ಇಡೀ ಗ್ರಂಥದಲ್ಲಿ ಇದೊಂದೇ.

ಸಿದ್ಧಾಂತ: ಹೋದದ್ದು ದಶಪಥದಲ್ಲಿ, ಮದ್ದೂರಿನ ಬಳಿ ಹಳೇ ರಸ್ತೆಗೆ ಇಳಿದು, ವಡೆ ತಿಂದು, ಕಾಫಿ ಕುಡಿದು, ಮತ್ತೆ ಹತ್ತಿದ್ದಾಯಿತು. ದಶಪಥ ಉಳಿಸಿಕೊಟ್ಟ ಹೊತ್ತನ್ನು ವಡೆ ಅಲ್ಲಿಯೇ ತಿಂದು ಮುಗಿಸಿತು.

ಮೂರನೆಯ ಅಧಿಕರಣ: ಬುತ್ತಿ

ಸೂತ್ರ: ಬುತ್ತಿಯೇ ಬಲ, ಮಿಕ್ಕದ್ದೆಲ್ಲ ಭಾರ.

ಭಾಷ್ಯ: ಗಾಡಿಗೆ ಏರಿದ ಸಾಮಾನಿನ ಪಟ್ಟಿ: ಎರಡು ಜಮಖಾನ, ಒಂದು ಕೊಡೆ, ಮೂರು ಫ್ಲಾಸ್ಕ್, ಒಂದು ಕ್ರಿಕೆಟ್ ಬ್ಯಾಟು (ಬಾಲು ಇಲ್ಲ), ಅಜ್ಜಿಯ ಮಾತ್ರೆಡಬ್ಬಿ, ವಾಂತಿ ಬಂದರೆ ಇರಲಿ ಎಂದು ಹನ್ನೆರಡು ಕವರು, ಬಾಯಿಗೆ ಇರಲಿ ಎಂದು ನಾಲ್ಕು ನಿಂಬೆಹಣ್ಣು, ಹಾಗೂ ಭಾವ ಎಕ್ಸೆಲ್‌ನಲ್ಲಿ ತಯಾರಿಸಿ ಪ್ರಿಂಟ್ ಹಾಕಿಸಿ ತಂದ ಕಾರ್ಯಸೂಚಿ. ಆ ಕಾರ್ಯಸೂಚಿಯಲ್ಲಿ ಎಂಟು ಸ್ಥಳಗಳಿದ್ದವು: ರಂಗನಾಥಸ್ವಾಮಿ ದೇವಸ್ಥಾನ, ಜುಮ್ಮಾ ಮಸೀದಿ, ಕರ್ನಲ್ ಬೇಲಿಯ ಬಂದೀಖಾನೆ, ದರಿಯಾ ದೌಲತ್, ಗುಂಬಜ್, ಸಂಗಮ, ರಂಗನತಿಟ್ಟು, ಕನ್ನಂಬಾಡಿ. ಪ್ರತಿಯೊಂದರ ಮುಂದೂ ನಿಮಿಷಗಳು. ಸಂಗಮಕ್ಕೆ 25, ಅದರಲ್ಲಿ ‘ಕಾಲು ಒದ್ದೆ’ ಎಂಬುದಕ್ಕೆ 10.

ಪುಳಿಯೋಗರೆಯ ದೊಡ್ಡ ಸ್ಟೀಲ್ ಡಬ್ಬಿ ಮಾತ್ರ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಉಳಿಯಿತು. ಈ ವಾಕ್ಯದಲ್ಲಿ ಕರ್ತೃಪದವನ್ನು ಲೇಖಕ ಬೇಕೆಂದೇ ಬಿಟ್ಟಿದ್ದಾನೆ. ಶೂ ಲೇಸ್ ಕಟ್ಟಿಕೊಳ್ಳುವಾಗ ಕೈಯಲ್ಲಿದ್ದದ್ದನ್ನು ಎಲ್ಲಾದರೂ ಇಡಲೇಬೇಕಾಗುತ್ತದೆ ಎಂಬುದನ್ನು ಸಹೃದಯರು ಬಲ್ಲರು. ಮದ್ದೂರಿನಲ್ಲಿ ತಟ್ಟೆಗಳಿಗಾಗಿ ಚೀಲ ಜಾಲಾಡಿದಾಗ ವಿಷಯ ಬಯಲಿಗೆ ಬಂತು. ಅಲ್ಲಿಂದ ಮಂಡ್ಯ ದಾಟುವವರೆಗೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಲೇಖಕನ ಹೆಂಡತಿಯಂತೂ ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಬುತ್ತಿಯಿಲ್ಲದ ದಂಡಯಾತ್ರೆಯ ಗತಿಯೇನೆಂಬುದಕ್ಕೆ ಮತ್ತೆ ಪೂರ್ವಾಚಾರ್ಯನೇ ಪ್ರಮಾಣ. 1791ರ ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಗೆದ್ದ. ಕೋಟೆ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಆದರೆ ಮಳೆ ಹಿಡಿದಿತ್ತು, ಎತ್ತುಗಳು ಮೇವಿಲ್ಲದೆ, ರೋಗ ಬಿದ್ದು ಸಾಯುತ್ತಿದ್ದವು, ಸಿಪಾಯಿಗಳಿಗೆ ಅಕ್ಕಿ ಇರಲಿಲ್ಲ. ಎಳೆಯುವ ಎತ್ತೇ ಇಲ್ಲದ ಮೇಲೆ ತೋಪು ತೆಗೆದುಕೊಂಡು ಏನು ಮಾಡುವುದು? ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದು ತಂದ ಭಾರೀ ತೋಪುಗಳನ್ನು ಕನ್ನಂಬಾಡಿಯ ಬಳಿ ತಾನೇ ಹಾಳುಗೆಡವಿ ಬೆಂಗಳೂರಿನ ಕಡೆ ಮುಖ ತಿರುಗಿಸಿದ. ಹೊರಟ ಮೊದಲ ದಿನವೇ ಎದುರಿಗೆ ಮರಾಠರ ದಂಡು ಬಂತು! ಅವರ ಬಜಾರಿನಲ್ಲಿ ದವಸ ಧಾನ್ಯ ತುಂಬಿ ತುಳುಕುತ್ತಿತ್ತು. ಕೊಟ್ಟರು, ಹಸಿದವನಿಗೆ ಹೇಳುವ ಬೆಲೆಯನ್ನು ಹೇಳಿ ಕೊಟ್ಟರು.

ನಮ್ಮ ಪಾಲಿನ ಮರಾಠರು ಮೈಸೂರಿನ ಸೋದರತ್ತೆ. ಅಜ್ಜಿ ಯಾರಿಗೂ ಹೇಳದೆ ಫೋನ್ ಹಚ್ಚಿ, “ನೋಡಮ್ಮಾ, ಹಿಂಗಾಗಿದೆ” ಎಂದಷ್ಟೇ ಅಂದರು. ಸೋದರತ್ತೆ ಬಿಸಿಬೇಳೆಬಾತು, ಮೊಸರನ್ನ, ಹಪ್ಪಳ ಸಮೇತ ಎರಡೂವರೆಗೆ ಸಂಗಮಕ್ಕೆ ಬರುವುದೆಂದು ಒಪ್ಪಂದವಾಯಿತು. ಬೆಲೆ ಆಮೇಲೆ ಗೊತ್ತಾಗುವುದಿತ್ತು.

ನಾಲ್ಕನೆಯ ಅಧಿಕರಣ: ಕೋಟೆ

ಸೂತ್ರ: ಕೋಟೆ ಬೀಳುವುದು ಊಟದ ಹೊತ್ತಿಗೆ.

ಭಾಷ್ಯ: ನಾವು ಕೋಟೆಯೊಳಗೆ ಕಾಲಿಟ್ಟದ್ದು ಮಧ್ಯಾಹ್ನ ಒಂದು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ. ಇದನ್ನು ಯೋಜನೆಯ ಸೋಲೆಂದು ಭಾವ ಬಗೆದರು. ಲೇಖಕನ ಸಂಶೋಧನೆಯ ಪ್ರಕಾರ ಇದಕ್ಕಿಂತ ಶಾಸ್ತ್ರೋಕ್ತವಾದ ಹೊತ್ತು ಬೇರೊಂದಿಲ್ಲ. 1799ರ ಮೇ 4ರಂದು ಇಂಗ್ಲಿಷರು ಕೋಟೆಗೆ ಲಗ್ಗೆ ಹಾಕಿದ್ದು ಸರಿಯಾಗಿ ಮಧ್ಯಾಹ್ನ ಒಂದಕ್ಕೆ. ಅದು ಬಿಸಿಲು ನೆತ್ತಿಗೇರಿ, ಒಳಗಿನವರು ಉಂಡು ದಣಿವಾರಿಸಿಕೊಳ್ಳುವ ಹೊತ್ತೆಂದು ಲೆಕ್ಕ ಹಾಕಿಯೇ ಇಟ್ಟ ಮುಹೂರ್ತ. ಮುಂದೆ ನಿಂತು ನಡೆಸಿದವನು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿ ಇದೇ ಊರಿನಲ್ಲಿ ಮೂರು ವರ್ಷಕ್ಕೂ ಮೀರಿ ಕೈದಿಯಾಗಿದ್ದವನು. ನೋಡಿದ ಊರಿಗೇ ಮತ್ತೆ ಮತ್ತೆ ಬರುವವರು ನಮ್ಮಲ್ಲೂ ಇದ್ದಾರೆ. ಆದರೆ ಅವನಷ್ಟು ಬಲವಾದ ಕಾರಣ ಬೇರೆಯವರಿಗಿಲ್ಲ.

ಬಂದೀಖಾನೆಯ ಗೋಡೆಯಿಂದ ಮುಂಚಾಚಿದ ಕಲ್ಲುಗಳಿಗೆ ಕೈದಿಗಳ ಕೈ ಬಿಗಿಯುತ್ತಿದ್ದರೆಂದು ತಿಳಿದೊಡನೆ ಮಕ್ಕಳು ಸಾಲಾಗಿ ಕೈಚಾಚಿ ನಿಂತು ಫೋಟೋ ತೆಗೆಸಿಕೊಂಡರು. ಚಾವಣಿ ತೂರಿಕೊಂಡು ಬಿದ್ದದ್ದೆನ್ನುವ ಹಳೇ ತೋಪಿನ ಮೇಲೆ ಕೂರಬಾರದೆಂದು ಕಾವಲುಗಾರ ಹೇಳುವಷ್ಟರಲ್ಲಿ ಚಿಕ್ಕಪ್ಪ ಕೂತಾಗಿತ್ತು.

ಅಲ್ಲಿಂದ ಟಿಪ್ಪುವಿನ ಶವ ಸಿಕ್ಕ ಜಾಗಕ್ಕೆ ಬಂದೆವು. ಒಂದು ಕಟಾಂಜನ, ಒಂದು ಫಲಕ, ಅಷ್ಟೆ. ಹನ್ನೊಂದು ಜನರಲ್ಲಿ ಹತ್ತು ಜನ ನೆರಳು ಹುಡುಕುತ್ತಿದ್ದರು. ಅಜ್ಜಿ ಮಾತ್ರ ಫಲಕದ ಮುಂದೆ ನಿಂತು, “ಇಲ್ಲೇ ಏನೋ ಸತ್ತಿದ್ದು?” ಎಂದು ಕೇಳಿದರು. ಹೌದಮ್ಮ, ಊಟಕ್ಕೆ ಕೂತಿದ್ದಾಗ ಸುದ್ದಿ ಬಂತಂತೆ, ಅರ್ಧಕ್ಕೇ ಎದ್ದು ಕೈತೊಳೆದು ಹೊರಟನಂತೆ ಎಂದು ಲೇಖಕ ತಾನು ಓದಿದ್ದನ್ನು ಒಪ್ಪಿಸಿದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯೋ ಪಾಪ. ಎಷ್ಟು ತುತ್ತು ಉಂಡಿದ್ನೋ ಏನೋ” ಅಂದರು.

ಲಗ್ಗೆಯ ಹೊತ್ತು, ಕೋಟೆ ಗೋಡೆ ಒಡೆದ ಜಾಗ, ದಂಡಿನ ಸಂಖ್ಯೆ, ಎಲ್ಲಕ್ಕೂ ಇತಿಹಾಸದಲ್ಲಿ ಉತ್ತರ ಸಿಗುತ್ತದೆ. ಈ ಪ್ರಶ್ನೆಯನ್ನು ಪೂರ್ವಾಚಾರ್ಯರು ಯಾರೂ ಎತ್ತಿಕೊಂಡಂತೆ ಲೇಖಕನಿಗೆ ಕಂಡುಬಂದಿಲ್ಲ.

ಐದನೆಯ ಅಧಿಕರಣ: ತೋಟ

ಸೂತ್ರ: ತೋಟವಿರುವುದು ನೋಡಲಿಕ್ಕಲ್ಲ, ಕೂರಲಿಕ್ಕೆ.

ಭಾಷ್ಯ: ದರಿಯಾ ದೌಲತ್ ಎಂದರೆ ಸಮುದ್ರದ ಸಂಪತ್ತು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ; ಬಹುಪಾಲು ತೇಗದ ಕೆಲಸ. ಕೋಟೆ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಇಲ್ಲಿ ವಾಸವಾಗಿದ್ದ. ಇದರ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ, ಸಿಡಿದ ಮದ್ದಿನ ಬಂಡಿ, ಸುತ್ತಲೂ ಕುದುರೆಗಳ ಸಾಗರ. ಎಲ್ಲ ಮುಗಿದ ಮೇಲೆ ದಂಡು ಕಟ್ಟಿಕೊಂಡು ಬರುತ್ತಿರುವ ಹೈದರಾಬಾದಿನ ನಿಜಾಮನನ್ನೂ ಗೈಡು ಬೆರಳಿಟ್ಟು ತೋರಿಸಿದ. ‘ಹತ್ತಿರ ಬಂದ್ಬಿಟ್ಟೆ’ ಎಂಬ ಮಾತಿಗೆ ಚಿತ್ರರೂಪ ಕೊಟ್ಟವರು ಮೊದಲು ಯಾರೆಂದು ಅಂದು ತಿಳಿಯಿತು. ಹನ್ನೊಂದು ಜನರಲ್ಲಿ ಹತ್ತು ಜನ ಭಾವನವರನ್ನೇ ನೋಡಿದರು. ಭಾವ ಚಿತ್ರದ ಬಣ್ಣಗಾರಿಕೆಯನ್ನು ಹೊಗಳಿದರು.

ಕೋಟೆಗೂ ತೋಟಕ್ಕೂ ಇರುವ ಸಂಬಂಧ ನಾವು ತಿಳಿದಷ್ಟು ತಂಪಾದದ್ದಲ್ಲ. ಕಾರ್ನ್‌ವಾಲಿಸ್ 1792ರ ಫೆಬ್ರವರಿಯಲ್ಲಿ ಬುತ್ತಿ ಗಟ್ಟಿಮಾಡಿಕೊಂಡು ಮತ್ತೆ ಬಂದಾಗ, ದ್ವೀಪದ ಲಾಲ್‌ಬಾಗಿನ ಮರಗಳನ್ನೇ ಕಡಿಸಿ ಮುತ್ತಿಗೆಯ ಕಂದಕಗಳಿಗೆ ಬಳಸಿಕೊಂಡ. ಕಡೆಗೆ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡು, ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಗಿ ಕಳಿಸಿಕೊಟ್ಟ. ಇದನ್ನು ಕೇಳಿದ ಲೇಖಕನ ಮಗ, ಲೆಕ್ಕದ ಪರೀಕ್ಷೆ ಮುಗಿಯುವ ತನಕ ತನ್ನನ್ನೂ ಮೈಸೂರಿನಲ್ಲಿ ಒತ್ತೆಯಿಡಬಹುದೆಂದು ಸೂಚಿಸಿದ.

ಉಪಸಂಹಾರ

ಸಂಗಮದಲ್ಲಿ, ಕಾವೇರಿಯ ಎರಡು ಕವಲು ಮತ್ತೆ ಒಂದಾಗುವ ಕಡೆ, ಮರದ ಕೆಳಗೆ ಜಮಖಾನ ಹಾಸಿದೆವು. ಸೋದರತ್ತೆ ಒಪ್ಪಂದದಂತೆ ಬಂದರು. ಬೆಲೆಯನ್ನೂ ಒಪ್ಪಂದದಂತೆ ವಸೂಲು ಮಾಡಿದರು: ಕಳೆದ ಗೌರಿಹಬ್ಬಕ್ಕೆ ಯಾರು ಫೋನ್ ಮಾಡಲಿಲ್ಲ, ಗೃಹಪ್ರವೇಶಕ್ಕೆ ಬಂದವರು ಊಟಕ್ಕೆ ಯಾಕೆ ನಿಲ್ಲಲಿಲ್ಲ, ಎಲ್ಲವೂ ಹಪ್ಪಳದ ಜೊತೆಗೆ ಬಡಿಸಿದಂತೆ ಬಂತು. ಬಿಸಿಬೇಳೆಬಾತು ಚೆನ್ನಾಗಿದ್ದದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ.

ಗಂಟೆ ನಾಲ್ಕಾಯಿತು. ರಂಗನತಿಟ್ಟೂ ಕನ್ನಂಬಾಡಿಯೂ ಇನ್ನು ಆಗದ ಮಾತೆಂದು ಭಾವನೇ ಒಪ್ಪಿ, ಕಾರ್ಯಸೂಚಿಯ ಹಾಳೆಗಳನ್ನು ಚುರುಮುರಿಯವನ ಕೈಗೆ ಕೊಟ್ಟರು. ಅವನು ಚಕಚಕ ಪೊಟ್ಟಣ ಸುತ್ತಿದ. ‘ಕಾಲು ಒದ್ದೆ, 10 ನಿಮಿಷ’ ಎಂದಿದ್ದ ತುಂಡು ಲೇಖಕನ ಪಾಲಿಗೆ ಬಂತು. ಹೊತ್ತು ಬಂದಾಗ ತನ್ನ ತೋಪನ್ನು ತಾನೇ ಮುರಿಯಬಲ್ಲವನೇ ದಂಡನಾಯಕ.

ಚುರುಮುರಿಗೆ ಮುಂಚೆ ನಡೆದ ಒಂದು ಸಂಗತಿಯನ್ನು ಗ್ರಂಥಾಂತ್ಯಕ್ಕೆಂದು ಉಳಿಸಿಕೊಂಡಿದ್ದೇನೆ. ಮೊಸರನ್ನದ ಮಧ್ಯದಲ್ಲಿ ಚಿಕ್ಕವನಿಗೆ ನೀರಿನಲ್ಲಿ ತೆಪ್ಪ ಕಂಡಿತು. ತಟ್ಟೆ ಬಿಟ್ಟು ಎದ್ದೇಬಿಟ್ಟ. ದಿನವಿಡೀ ಯಾವ ಅಧಿಕರಣದಲ್ಲೂ ದನಿ ಎತ್ತರಿಸದಿದ್ದ ಅಜ್ಜಿ ಗದರಿದರು:

“ಕೂತ್ಕೋ ಪುಟ್ಟ. ಊಟದ ಮಧ್ಯೆ ಎದ್ದು ಹೋಗಬಾರದು. ಹೋದವರ ಜಾಗ ಈಗಷ್ಟೇ ನೋಡ್ಕೊಂಡು ಬಂದ್ವಲ್ಲ.”

ಹುಡುಗ ಕೂತ. ಅಜ್ಜಿ ಅವನ ತಟ್ಟೆಗೆ ಇನ್ನೊಂದು ಸೌಟು ಮೊಸರನ್ನ ಬಡಿಸಿದರು.